ಭಾರಜಲದ ಕಾಯುವಿಕೆ

1981ರಲ್ಲಿ ಕಲ್ಪಾಕ್ಕಂನ ಮೊದಲ ಪರಮಾಣು ವಿದ್ಯುತ್ ಘಟಕ ಸಿದ್ಧವಾಗಿತ್ತು. ಭಾರತೀಯರೇ ನಿಂತು ಕಟ್ಟಿದ ಮೊದಲ ವಿದ್ಯುತ್ ರಿಯಾಕ್ಟರ್ ಅದು. ಆದರೆ ಅದನ್ನು ನಡೆಸಲು ಬೇಕಾದಷ್ಟು ಭಾರಜಲ ಇರಲಿಲ್ಲ.

ಈ ಕೊರತೆಯನ್ನು ಹತ್ತಿರದಿಂದ ಕಂಡವರು ಬೆಂಗಳೂರಿನ ಎಂ. ಆರ್. ಶ್ರೀನಿವಾಸನ್. 1930ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಇಂಟರ್‌ಮೀಡಿಯಟ್ ಓದಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದರು. ಕೆನಡಾದ ಮೆಕ್‌ಗಿಲ್‌ನಲ್ಲಿ 1954ರಲ್ಲಿ ಪಿಎಚ್‌ಡಿ ಮುಗಿಸಿ, ಮರುವರ್ಷ ಪರಮಾಣು ಶಕ್ತಿ ಇಲಾಖೆ ಸೇರಿದರು. ಹೋಮಿ ಭಾಭಾ ಜೊತೆ ಅಪ್ಸರಾ ರಿಯಾಕ್ಟರಿನ ಕೆಲಸದಲ್ಲಿದ್ದ ಅವರು 1967ರಲ್ಲಿ ಕಲ್ಪಾಕ್ಕಂ ಯೋಜನೆಯ ಮುಖ್ಯ ಎಂಜಿನಿಯರ್ ಆದರು.

1974ರ ಪೋಖ್ರಾನ್ ಸ್ಫೋಟದ ನಂತರ ಕೆನಡಾ ನೆರವು ನಿಲ್ಲಿಸಿತು. ಅದೇ ವರ್ಷ ವಿದ್ಯುತ್ ಯೋಜನೆಗಳ ವಿಭಾಗದ ಹೊಣೆ ಶ್ರೀನಿವಾಸನ್ ಹೆಗಲೇರಿತು. ಯಂತ್ರಭಾಗಗಳನ್ನು ದೇಶದ ಕಾರ್ಖಾನೆಗಳಲ್ಲೇ ಮಾಡಿಸುವ ದಾರಿ ತಡವಾದರೂ ಸಿಕ್ಕಿತು. ಭಾರಜಲದ ಗಂಟು ಬಿಡಿಸುವ ಕೆಲಸ ಮಾತ್ರ ರಾಸಾಯನಿಕ ಎಂಜಿನಿಯರುಗಳ ಪಾಲಿಗೆ ಬಂತು. ಆಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಹೋಮಿ ಸೇಠ್ನಾ ಸ್ವತಃ ರಾಸಾಯನಿಕ ಎಂಜಿನಿಯರ್.

ಮಾಮೂಲಿ ನೀರಿನ ಜಲಜನಕದಲ್ಲಿ ಸುಮಾರು 6,500 ಪರಮಾಣುಗಳಿಗೆ ಒಂದು ಮಾತ್ರ ಡ್ಯುಟೇರಿಯಂ. ಅದನ್ನು ಹೆಕ್ಕಿ ತೆಗೆದು ಕೂಡಿಸಿದರೆ ಭಾರಜಲ. ಕಲ್ಪಾಕ್ಕಂ ಮಾದರಿಯ ಒಂದು ಘಟಕಕ್ಕೆ 200 ಟನ್‌ಗೂ ಹೆಚ್ಚು ಬೇಕು. 1962ರಿಂದ ನಡೆಯುತ್ತಿದ್ದ ನಂಗಲ್ ಸ್ಥಾವರದ ಸಾಮರ್ಥ್ಯ ವರ್ಷಕ್ಕೆ ಸುಮಾರು 14 ಟನ್. ಅದನ್ನೇ ನೆಚ್ಚಿದ್ದರೆ ಒಂದು ಘಟಕಕ್ಕೆ ಹದಿನೈದು ವರ್ಷವೂ ಸಾಲುತ್ತಿರಲಿಲ್ಲ.

ಬರೋಡಾ ಮತ್ತು ತೂತ್ತುಕುಡಿಯ ಸ್ಥಾವರಗಳು ಗೊಬ್ಬರದ ಕಾರ್ಖಾನೆಗಳ ಅನಿಲವನ್ನು ನಂಬಿದ್ದವು. ಕಾರ್ಖಾನೆ ನಿಂತರೆ ಭಾರಜಲವೂ ನಿಲ್ಲುತ್ತಿತ್ತು. ಬರೋಡಾದಲ್ಲಿ 1977ರ ಡಿಸೆಂಬರ್‌ನಲ್ಲಿ ಸ್ಫೋಟವಾಯಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಹಿಡಿದ ದಾರಿ ಬೇರೆ: ನೀರು ಮತ್ತು ಹೈಡ್ರೋಜನ್ ಸಲ್ಫೈಡ್. ಸುಮಾರು 30 ಡಿಗ್ರಿಯ ತಣ್ಣನೆಯ ಗೋಪುರದಲ್ಲಿ ಡ್ಯುಟೇರಿಯಂ ಅನಿಲದಿಂದ ನೀರಿಗೆ ಹೋಗುತ್ತದೆ; 130 ಡಿಗ್ರಿಯ ಬಿಸಿ ಗೋಪುರದಲ್ಲಿ ನೀರಿನಿಂದ ಅನಿಲಕ್ಕೆ ಮರಳುತ್ತದೆ. ಈ ಕೊಡುಕೊಳ್ಳುವಿಕೆ ಮತ್ತೆ ಮತ್ತೆ ನಡೆದು ಭಾರಜಲದ ಅಂಶ ಏರುತ್ತದೆ. ಆ ಅನಿಲ ಕಡು ವಿಷ, ಉಕ್ಕನ್ನೂ ತಿನ್ನುತ್ತದೆ. ಆ ಸ್ಥಾವರ ಕೆಲಸ ಶುರುಮಾಡಿದ್ದು 1985ರಲ್ಲಿ.

ಅಷ್ಟರಲ್ಲಿ, 1983ರ ಜುಲೈ 2ರಂದು, ಕಲ್ಪಾಕ್ಕಂ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ಆರಂಭವಾಗಿತ್ತು. ಮುಂದೆ ಭಾರತ ದಕ್ಷಿಣ ಕೊರಿಯಾಕ್ಕೆ, ಅಮೆರಿಕಕ್ಕೆ ಭಾರಜಲ ಮಾರುವಷ್ಟು ಬೆಳೆಯಿತು.

1987ರಲ್ಲಿ ಶ್ರೀನಿವಾಸನ್ ಆಯೋಗದ ಅಧ್ಯಕ್ಷರಾದರು. ಹೊಸ ಪರಮಾಣು ವಿದ್ಯುತ್ ನಿಗಮದ ಮೊದಲ ಅಧ್ಯಕ್ಷರೂ ಅವರೇ. ಆ ಹೊತ್ತಿಗೆ ತವರು ರಾಜ್ಯದಲ್ಲೇ ಪ್ರಶ್ನೆ ಎದ್ದಿತ್ತು. ಕಾಳಿ ನದಿಯ ದಡದ ಕಾಡಿನಲ್ಲಿ ರಿಯಾಕ್ಟರ್ ಬೇಡವೆಂದು ಶಿವರಾಮ ಕಾರಂತರು ದನಿಯೆತ್ತಿದರು. 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೂ ನಿಂತು ಸೋತರು. ಕೈಗಾ ಕೆಲಸ ನಿಲ್ಲಲಿಲ್ಲ. ಆದರೆ 1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರ ಕಳಚಿ ಬಿತ್ತು. ಸುರಕ್ಷತೆಯ ಬಗ್ಗೆ ಕೇಳುತ್ತಿದ್ದವರನ್ನು ಸುಮ್ಮನೆ ಹೆದರುವವರೆಂದು ತಳ್ಳಿಹಾಕುವುದು ಆಮೇಲೆ ಸುಲಭವಾಗಲಿಲ್ಲ.

ಗುಮ್ಮಟದ ವಿನ್ಯಾಸ ಬದಲಿಸಿ ಕಟ್ಟಿದ ಕೈಗಾ 2000ದಲ್ಲಿ ವಿದ್ಯುತ್ ಕೊಡತೊಡಗಿತು. ಅದರ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಅದರೊಳಗೆ ಹರಿದದ್ದೂ ಭಾರಜಲವೇ. ಶ್ರೀನಿವಾಸನ್ 2025ರ ಮೇ 20ರಂದು ಊಟಿಯಲ್ಲಿ ತೀರಿಕೊಂಡರು. ಕಲ್ಪಾಕ್ಕಂನಲ್ಲಿ ಭಾರಜಲಕ್ಕಾಗಿ ಕಾದ ಎರಡು ವರ್ಷ, ಕೈಗಾದಲ್ಲಿ ಕುಸಿದ ಗುಮ್ಮಟ, ಆ 962 ದಿನ, ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಮಾತ್ರ ಆ ತಲೆಮಾರಿನ ಎಂಜಿನಿಯರುಗಳ ಲೆಕ್ಕ ಪೂರ್ತಿಯಾಗುತ್ತದೆ.