ಮೂರು ನಿಮಿಷದಿಂದ ಇಡೀ ರಾತ್ರಿಗೆ

ತಾಳಮದ್ದಳೆ ಕೇಳಿದವರಿಗೆ ಗೊತ್ತು, ಪ್ರಸಂಗ ಮುಗಿಯಲಿಕ್ಕೆ ಬೆಳಗಾಗುತ್ತದೆ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರೇ ನಿಮಿಷ. ಭಾಗವತರು ಪದ ಮುಗಿಸಿ ಅರ್ಥಧಾರಿ ಬಾಯಿ ತೆರೆಯುವಷ್ಟರಲ್ಲಿ ತಟ್ಟೆಯೇ ಮುಗಿಯಿತು! 1963ರಲ್ಲಿ ಫಿಲಿಪ್ಸ್ ಕಂಪೆನಿ ಕ್ಯಾಸೆಟ್ ತಂದಿತು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ 45 ನಿಮಿಷ. ಅದಕ್ಕಿಂತ ದೊಡ್ಡ ಸಂಗತಿ, ಅದರಲ್ಲಿ ನಾವೇ ರೆಕಾರ್ಡ್ ಮಾಡಬಹುದಿತ್ತು. ಟೇಪ್ ರೆಕಾರ್ಡರ್ ಮುಂದಿಟ್ಟುಕೊಂಡು ರಾತ್ರಿಯಿಡೀ ಕೂತವರು ನಮ್ಮಲ್ಲಿ ಎಷ್ಟು ಮಂದಿ!

ಆ ಕ್ಯಾಸೆಟ್ಟುಗಳ ಗತಿ ಈಗ ಏನು? ನಮ್ಮ ವಾಚನಾಲಯದ ಕಪಾಟಿನಲ್ಲಿ ಇದ್ದವುಗಳಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿದೆ. ಹಾಕುವ ಯಂತ್ರವೂ ಅಪರೂಪ, ರಿಪೇರಿ ಮಾಡುವವರೂ ಅಪರೂಪ. ಆ ಕಾರಣಕ್ಕೆ ರಾಸ್‌ಬೆರಿ ಪೈ ಎಂಬ ಸಣ್ಣ ಕಂಪ್ಯೂಟರಿನ ಕತೆ ಹೇಳುತ್ತೇನೆ.

ಇದರ ಹುಟ್ಟೂರು ಇಂಗ್ಲೆಂಡಿನ ಕೇಂಬ್ರಿಜ್. 1981ರಲ್ಲಿ ಅದೇ ಊರಿನ ಏಕಾರ್ನ್ ಕಂಪೆನಿ ಬಿಬಿಸಿ ಮೈಕ್ರೊ ಎಂಬ ಕಂಪ್ಯೂಟರ್ ಮಾಡಿತ್ತು. ಅಲ್ಲಿನ ಶಾಲೆಯ ಮಕ್ಕಳು ಅದರಲ್ಲೇ ಪ್ರೋಗ್ರಾಮ್ ಬರೆಯಲಿಕ್ಕೆ ಕಲಿತರು. ಮುಂದೆ ಕಂಪ್ಯೂಟರ್ ಬಳಸುವವರು ಹೆಚ್ಚಾದರು, ಒಳಗೇನಿದೆ ಎಂದು ಕೆದಕುವವರು ಕಡಿಮೆಯಾದರು. ವಿಶ್ವವಿದ್ಯಾಲಯಕ್ಕೆ ಬರುವ ಅರ್ಜಿಗಳೂ ಇಳಿದವು. ಇದನ್ನು ಕಂಡು ಏಬನ್ ಅಪ್ಟನ್ ಮತ್ತು ಸಂಗಡಿಗರು 2006ರಲ್ಲೇ ಪ್ರಯೋಗ ಸುರು ಮಾಡಿದರು. ಮಕ್ಕಳು ಹಾಳು ಮಾಡಿದರೂ ಬೈಗಳು ಬೀಳದಷ್ಟು ಅಗ್ಗದ ಕಂಪ್ಯೂಟರ್ ಬೇಕಿತ್ತು. 2012 ಫೆಬ್ರವರಿ 29ರಂದು ಅದು ಮಾರಾಟಕ್ಕೆ ಬಂತು. ಬೆಲೆ 35 ಡಾಲರ್. ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಅಂಗೈಯಷ್ಟಗಲದ ಒಂದು ಹಲಗೆ ಅಷ್ಟೆ.

ಮಕ್ಕಳಿಗೆಂದು ಮಾಡಿದ್ದನ್ನು ದೊಡ್ಡವರೂ ಎತ್ತಿಕೊಂಡರು. ಹಾಡು ನುಡಿಸುವ ಎಂಪಿಡಿ ಎಂಬ ಉಚಿತ ತಂತ್ರಾಂಶ 2003ರಿಂದಲೇ ಇತ್ತು. ಹಲಗೆಯಲ್ಲಿ ಅದು ನುಡಿಸುತ್ತದೆ, ಯಾವುದು ಬೇಕೆಂದು ಮೊಬೈಲಿನಿಂದ ಹೇಳಿದರೆ ಸಾಕು. ಒಂದು ಕೊರತೆ ಉಂಟು. ಮೊದಲ ಹಲಗೆಗಳ ಹೆಡ್‌ಫೋನ್ ತೂತಿನಿಂದ ಬರುವ ಶಬ್ದ ಸೊರಗಿದ್ದು, ಹಿಂದೆ ಸುಯ್ ಎನ್ನುತ್ತದೆ. ಅಂಕೆಗಳನ್ನು ಸ್ವರವಾಗಿಸುವ ಡ್ಯಾಕ್ ಎಂಬ ಬೇರೊಂದು ಹಲಗೆಯನ್ನು ಅದರ ಪಿನ್ನುಗಳ ಮೇಲೆ ಕೂರಿಸಿದರೆ ಚೆಂಡೆಯ ಪೆಟ್ಟು ಚೆಂಡೆಯ ಪೆಟ್ಟಿನ ಹಾಗೆಯೇ ಕೇಳುತ್ತದೆ.

ಕ್ಯಾಸೆಟ್ಟಿನಿಂದ ಇಳಿಸಿಕೊಳ್ಳುವುದು ಮಾತ್ರ ತಾಳ್ಮೆಯ ಕೆಲಸ. ಹಲಗೆಗೆ ಶಬ್ದ ಒಳಗೆ ಹೋಗುವ ದಾರಿಯೇ ಇಲ್ಲ, ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. 45 ನಿಮಿಷದ ಬದಿಗೆ 45 ನಿಮಿಷ ಕೂರಲೇಬೇಕು. ಸಾಧಾರಣ ಎಂಪಿ3 ಮಾಡಿದರೆ ನಿಮಿಷಕ್ಕೆ ಸುಮಾರು ಒಂದು ಎಂಬಿ. ಎಂಟು ಗಂಟೆಯ ಪ್ರಸಂಗಕ್ಕೆ ಅರ್ಧ ಜಿಬಿಯೂ ಬೇಡ. 32 ಜಿಬಿಯ ಉಗುರಿನಷ್ಟು ಕಾರ್ಡಿನಲ್ಲಿ ಐವತ್ತು ರಾತ್ರಿ ಧಾರಾಳವಾಗಿ ಹಿಡಿಸುತ್ತದೆ.

ಕರೆಂಟು ಥಟ್ಟನೆ ಹೋದರೆ ಕಾರ್ಡ್ ಕೆಡುವುದುಂಟು. ನಮ್ಮದೊಂದು ಹಾಗೇ ಹೋಯಿತು. ಬೇರೆ ಕಡೆ ಪ್ರತಿ ಇದ್ದದ್ದರಿಂದ ಬದುಕಿದೆವು. ಆದರೆ ಆಗ ಕ್ಯಾಸೆಟ್ ಮಗುಚುವಾಗ ತಪ್ಪಿಹೋದ ಅರ್ಧ ನಿಮಿಷದ ಅರ್ಥ ಇನ್ನು ಯಾವ ಯಂತ್ರದಲ್ಲೂ ಸಿಗದು.

ನಿಮ್ಮ ಅಟ್ಟದಲ್ಲಿ ಕ್ಯಾಸೆಟ್ ಇದ್ದರೆ ಹಾಕಿ ನೋಡಲಿಕ್ಕೆ ಹೋಗಬೇಡಿ, ವಾಚನಾಲಯಕ್ಕೆ ತನ್ನಿ. ಪ್ರಸಂಗದ ಹೆಸರು, ತಾರೀಕು ಬರೆದ ಚೀಟಿ ಅಂಟಿಸಿದ್ದರೆ ಅದನ್ನು ಕೀಳಬೇಡಿ.