ಸರದಿ ಪಟ್ಟಿಯ ಕಾಲದ ಮೋಟಾರು ಕಾರುಗಳು

ಭಾರತದಲ್ಲೇ ಮೋಟಾರು ಕಾರುಗಳು ತಯಾರಾಗಬೇಕೆಂಬ ಯೋಜನೆಯನ್ನು ವ್ಯವಸ್ಥಿತವಾಗಿ ರೂಪಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. 1930ರ ದಶಕದ ಮಧ್ಯದಲ್ಲಿ ಅವರು ಯೂರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದು ಸಿದ್ಧಪಡಿಸಿದ ಯೋಜನೆಯಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಆಸಕ್ತಿ ತಳೆದರು. ಮೈಸೂರು ಸಂಸ್ಥಾನವೂ ಒತ್ತಾಸೆಯಾಗಿ ನಿಲ್ಲಲು ಮುಂದಾಗಿತ್ತಾದರೂ ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಅದು ಮೈಸೂರಿನ ನೆಲದಲ್ಲಿ ಕೈಗೂಡಲಿಲ್ಲ. ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಇವುಗಳ ಸಾಲಿಗೆ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸೇರಿದ ಮೇಲೆ, 1980ರ ದಶಕದ ಆರಂಭದವರೆಗೂ ಭಾರತದ ಕಾರು ಮಾರುಕಟ್ಟೆಯೆಂದರೆ ಹೆಚ್ಚುಕಡಿಮೆ ಈ ಮೂರೇ ಆಗಿತ್ತು.

ಈ ಮೂವರ ಹಿಡಿತಕ್ಕೆ ಬುನಾದಿ ಹಾಕಿದ್ದು 1953ರ ಸುಂಕ ನೀತಿ. ಹೊರದೇಶದಿಂದ ಬಂದ ಬಿಡಿಭಾಗಗಳನ್ನು ಇಲ್ಲಿ ಜೋಡಿಸಿ ಮಾರುವ ಕಂಪನಿಗಳಿಗೆ ಇನ್ನು ಜಾಗವಿಲ್ಲ, ಕ್ರಮೇಣ ಎಲ್ಲವನ್ನೂ ಇಲ್ಲೇ ತಯಾರಿಸುವ ಕಾರ್ಯಕ್ರಮವುಳ್ಳವುಗಳಿಗೆ ಮಾತ್ರ ರಕ್ಷಣೆ ಎಂದು ಸರ್ಕಾರ ತೀರ್ಮಾನಿಸಿದಾಗ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ತಮ್ಮ ಜೋಡಣಾ ಘಟಕಗಳನ್ನು ಮುಚ್ಚಿ ಹೊರಟವು. ಉಳಿದವರು ವರ್ಷಕ್ಕೆ ಎಷ್ಟು ಕಾರು ತಯಾರಿಸಬಹುದೆಂಬುದನ್ನೂ ಲೈಸೆನ್ಸೇ ನಿರ್ಧರಿಸುತ್ತಿದ್ದುದರಿಂದ ಬೇಡಿಕೆ ಸದಾ ಪೂರೈಕೆಯನ್ನು ಮೀರಿತ್ತು; ಕೊಳ್ಳುವವರು ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿಗೆ ಕಾಯುತ್ತಿದ್ದರು, ಬಳಸಿದ ಕಾರು ಹೊಸದಕ್ಕಿಂತ ಹೆಚ್ಚು ಬೆಲೆಗೆ ಮಾರಾಟವಾಗುವ ವಿಪರೀತವೂ ಉಂಟಾಗಿತ್ತು. ತಯಾರಿಸಿದ್ದೆಲ್ಲ ಖರ್ಚಾಗುವಾಗ ಹೊಸ ವಿನ್ಯಾಸಕ್ಕೆ ಹಣ ಸುರಿಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಆದರೆ ದೋಷವನ್ನೆಲ್ಲ ಉದ್ಯಮಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಕಾರನ್ನು ಭೋಗವಸ್ತುವೆಂದು ಬಗೆದ ಸರ್ಕಾರ 1969ರಲ್ಲಿ ಅದರ ಮಾರಾಟ ಬೆಲೆಯನ್ನೂ ತಾನೇ ಗೊತ್ತುಪಡಿಸಿತು, ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೆಲೆಯ ಮೇಲೂ ಸಂಖ್ಯೆಯ ಮೇಲೂ ಹಿಡಿತವಿಲ್ಲದ ಕಂಪನಿಗೆ ಬಂಡವಾಳ ಕೂಡಿಡುವ ದಾರಿಯೂ ಕಿರಿದಾಗಿತ್ತು.

ಇದಕ್ಕಿಂತ ಆಳವಾದ ಕಾರಣ ಮತ್ತೊಂದಿದೆ, ಅದನ್ನು ಗಮನಿಸಿದವರು ಕಡಿಮೆ. ಹಿಂದುಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ ಕಾರಿನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್, ಸ್ಟ್ಯಾಂಡರ್ಡ್ ಹೆರಾಲ್ಡ್‌ನದು ಬ್ರಿಟನ್ನಿನದೇ ಟ್ರಯಂಫ್ ಹೆರಾಲ್ಡ್, ಪ್ರೀಮಿಯರ್‌ನ ಪದ್ಮಿನಿಯದು ಇಟಲಿಯ ಫಿಯೆಟ್ 1100. ಸ್ವದೇಶಿ ಎನಿಸಿಕೊಂಡ ಈ ಕಾರುಗಳ ನಕ್ಷೆಗಳೆಲ್ಲ ಎರವಲು. ಬ್ರಿಟನ್ನಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರು 1963ರಲ್ಲೇ ಅಳಿದುಹೋಯಿತು, 1980ರ ದಶಕದ ಮಧ್ಯದ ಹೊತ್ತಿಗೆ ಮಾರಿಸ್ ಕೂಡ ಇಲ್ಲವಾಯಿತು. ತವರೇ ಇಲ್ಲದ ಮೇಲೆ ಹೊಸ ನಕ್ಷೆ ಬರುವುದೆಲ್ಲಿಂದ? ಫಿಯೆಟ್ ಬದುಕಿದ್ದರೂ ಪ್ರೀಮಿಯರ್ 1985ರ ಸುಮಾರಿಗೆ ಹೊರತಂದ 118 ಎನ್‌ಇ ಎಂಬ ಕಾರಿನ ಒಡಲು 1966ರ ಫಿಯೆಟ್ 124ರದು.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಹೊಸ ನಕ್ಷೆಗಳ ಈ ಕೊರತೆ ಬಯಲಾಯಿತು. ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಬ್ರಿಟನ್ನಿನ ರೋವರ್ ಕಂಪನಿಯ ಸೊಗಸಾದ ಒಡಲಿಗೆ ತನ್ನ ಹಳೆಯ ಕಾಲದ 1991 ಸಿ.ಸಿ. ಎಂಜಿನ್ನನ್ನು ಕೂಡಿಸಿ ಸ್ಟ್ಯಾಂಡರ್ಡ್ 2000 ಎಂಬ ದುಬಾರಿ ಕಾರನ್ನು ಮಾರಲು ಹೊರಟು ಕೆಲವೇ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಪದ್ಮಿನಿ ಶತಮಾನದ ಕೊನೆಯವರೆಗೆ ಮುಖ್ಯವಾಗಿ ಟ್ಯಾಕ್ಸಿಗಳ ಬಲದಿಂದ ಉಸಿರಾಡಿತು. ಸರ್ಕಾರಿ ಕಚೇರಿಗಳ ಖರೀದಿಯೂ ಒದಗಿದ್ದರಿಂದ ಅಂಬಾಸಿಡರ್ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯಿತು. ಆದರೂ 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 24,000 ಇದ್ದ ಮಾರಾಟ 2013–14ರಲ್ಲಿ 2,200ರ ಆಸುಪಾಸಿಗೆ ಇಳಿದು, 2014ರ ಮೇ ತಿಂಗಳಲ್ಲಿ ಕೋಲ್ಕತ್ತದ ಬಳಿಯ ಉತ್ತರಪಾಡಾ ಕಾರ್ಖಾನೆ ಕೆಲಸ ನಿಲ್ಲಿಸಿತು. ಹೆಸರನ್ನು ಮಾತ್ರ ಫ್ರಾನ್ಸಿನ ಪ್ಯೂಜೊ 2017ರಲ್ಲಿ 80 ಕೋಟಿ ರೂಪಾಯಿಗೆ ಕೊಂಡಿತು.

ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್‌ನ ಕಥೆ ಇವುಗಳಿಗಿಂತ ಬೇರೆ. ಅದು 1982ರ ಸುಮಾರಿಗೆ ತಂದ ಡಾಲ್ಫಿನ್ ಎಂಬ ಪುಟ್ಟ ಕಾರು ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯದು. ಒಡಲು ಉಕ್ಕಿನದಲ್ಲ, ಗಾಜಿನೆಳೆ ಮತ್ತು ರಾಳ ಸೇರಿದ ಫೈಬರ್‌ಗ್ಲಾಸಿನದು. ಉಕ್ಕಿನ ತಗಡನ್ನು ಒತ್ತುವ ದುಬಾರಿ ಅಚ್ಚುಗಳು ಇಲ್ಲಿ ಬೇಕಾಗುವುದಿಲ್ಲವಾದ್ದರಿಂದ ಸಣ್ಣ ಬಂಡವಾಳಕ್ಕೆ ಈ ವಿಧಾನ ಒಗ್ಗುತ್ತದೆ, ಆದರೆ ಪದರ ಪದರವಾಗಿ ಒಡಲನ್ನು ಕಟ್ಟುವ ಕೆಲಸ ನಿಧಾನವಾದುದರಿಂದ ಸಂಖ್ಯೆ ಹೆಚ್ಚಿದಂತೆ ಖರ್ಚು ಅಷ್ಟಾಗಿ ತಗ್ಗುವುದಿಲ್ಲ. ಮಾರುತಿ ಗೆದ್ದದ್ದೇ ಸಂಖ್ಯೆಯ ಬಲದಿಂದ. ಮುಂದೆ ಸಿಪಾನಿ ರೋವರ್ ಮಾಂಟಿಗೊವನ್ನು ಜೋಡಿಸಿ ಮಾರಲು ಯತ್ನಿಸಿತು, ಅದೂ ಫಲಿಸಲಿಲ್ಲ; ರೋವರ್ ಕಂಪನಿಯೇ 2005ರಲ್ಲಿ ದಿವಾಳಿಯಾಯಿತು.