ಕೇಳದೆ ಬಂದ ಪುಡಿಗಾಸು: ಕ್ರಿಪ್ಟೋ ವ್ಯಾಲೆಟ್‌ಗಳ ಖಾಸಗಿತನದ ಹದಿನೈದು ವರ್ಷ

2024ರ ಏಪ್ರಿಲ್‌ವರೆಗೆ ‘ಮುಂಬಯಿ’ ಎಂಬ ಹೆಸರಿನದೇ ಒಂದು ಬ್ಲಾಕ್‌ಚೈನ್ ಇತ್ತು. 2017ರಲ್ಲಿ ಮ್ಯಾಟಿಕ್ ಎಂಬ ಹೆಸರಿನಿಂದ ಮುಂಬಯಿ ನಗರದಲ್ಲೇ ಬೇರುಬಿಟ್ಟು, ಆಮೇಲೆ ಪಾಲಿಗನ್ ಎಂದು ಜಗತ್ತಿಗೆ ಪರಿಚಯವಾದ ಸಂಸ್ಥೆ ತನ್ನ ಪ್ರಯೋಗಜಾಲಕ್ಕೆ ಇಟ್ಟಿದ್ದ ಹೆಸರು ಅದು. ದೇಶವಿದೇಶಗಳ ಪ್ರೋಗ್ರಾಮರುಗಳು ತಮ್ಮ ತಂತ್ರಾಂಶವನ್ನು ಮೊದಲು ಓಡಿಸಿ ನೋಡುತ್ತಿದ್ದದ್ದು ಆ ‘ಮುಂಬಯಿ’ಯಲ್ಲಿ. ವಾಜಿರ್‌ಎಕ್ಸ್, ಕಾಯಿನ್‌ಡಿಸಿಎಕ್ಸ್ ಎಂಬ ಎರಡು ದೊಡ್ಡ ಎಕ್ಸ್‌ಚೇಂಜ್‌ಗಳು 2018ರಲ್ಲಿ ವ್ಯವಹಾರ ಶುರುಮಾಡಿದ್ದೂ ಇಲ್ಲೇ. 2013ರ ಡಿಸೆಂಬರ್‌ನಿಂದ ಈ ನಾಣ್ಯಗಳ ಬಗ್ಗೆ ಜನರನ್ನು ಎಚ್ಚರಿಸುತ್ತಲೇ ಬಂದ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಇರುವುದೂ ಇಲ್ಲಿಯ ಫೋರ್ಟ್ ಪ್ರದೇಶದಲ್ಲಿ. ಭಾರತದ ಕ್ರಿಪ್ಟೋ ಕಥೆಯ ಬಹುಪಾಲು ನಡೆದದ್ದು ಈ ಊರಿನಲ್ಲಿ.

ಅಂಧೇರಿಯಿಂದ ಡೊಂಬಿವಲಿಯವರೆಗೆ ಬ್ಯಾಂಕು, ಷೇರುಪೇಟೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಯುವಜನರ ಮೊಬೈಲಿನಲ್ಲಿ ಕ್ರಿಪ್ಟೋ ವ್ಯಾಲೆಟ್ ಇರುವುದು ಈಗ ಅಪರೂಪವಲ್ಲ. ಅಂಥ ವ್ಯಾಲೆಟ್ಟಿಗೆ ಒಂದು ದಿನ, ಯಾರದೆಂದು ತಿಳಿಯದ ವಿಳಾಸದಿಂದ, ಲೆಕ್ಕಕ್ಕೆ ಹಿಡಿಯಲಾಗದಷ್ಟು ಸಣ್ಣ ಮೊತ್ತ ಬಂದು ಬೀಳುತ್ತದೆ. ಇದಕ್ಕೆ ಡಸ್ಟಿಂಗ್ ದಾಳಿ ಎನ್ನುತ್ತಾರೆ. ಯಾರು ಕಳಿಸುತ್ತಾರೆ, ಏಕೆ ಕಳಿಸುತ್ತಾರೆ ಎಂಬುದಕ್ಕೆ ಉತ್ತರ ಈ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಆ ಬದಲಾವಣೆಯನ್ನು ಕಾಲಕ್ರಮದಲ್ಲಿ ನೋಡದೆ ಇಂದು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿಯುವುದಿಲ್ಲ.

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಹೆಸರಿನಲ್ಲಿ ಹೊರಬಂದ ಬಿಟ್‌ಕಾಯಿನ್ ಪ್ರಬಂಧದಲ್ಲೇ ಸಮಸ್ಯೆಯ ಮೂಲವಿದೆ. ಬಿಟ್‌ಕಾಯಿನ್ನಿನ ಲೆಡ್ಜರ್ ಎಲ್ಲರಿಗೂ ತೆರೆದದ್ದು. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ವಿಳಾಸದ ಹಿಂದಿನ ಹೆಸರು ಮಾತ್ರ ಅಲ್ಲಿಲ್ಲ. ಪ್ರತಿ ವ್ಯವಹಾರಕ್ಕೂ ಹೊಸ ವಿಳಾಸ ಬಳಸಿ ಎಂದು ಲೇಖಕ ಸಲಹೆ ಕೊಟ್ಟ. ಹಾಗಿದ್ದೂ ಒಂದೇ ಪಾವತಿಯಲ್ಲಿ ಹಲವು ವಿಳಾಸಗಳ ನಾಣ್ಯ ಸೇರಿಸಿದರೆ ಅವೆಲ್ಲ ಒಬ್ಬನವೇ ಎಂಬುದು ಬಯಲಾಗುತ್ತದೆ, ಇದನ್ನು ತಪ್ಪಿಸಲಾಗದು ಎಂದೂ ಅಲ್ಲೇ ಒಪ್ಪಿಕೊಂಡ. ಮುಂದಿನ ಎಲ್ಲ ಪತ್ತೇದಾರಿಕೆಯೂ ಈ ಒಂದು ಮಾತಿನ ಮೇಲೆ ನಿಂತಿದೆ.

ಬಿಟ್‌ಕಾಯಿನ್ ವ್ಯಾಲೆಟ್ಟಿಗೆ ಬಂದ ಪ್ರತಿಯೊಂದು ಮೊತ್ತವೂ ಬೇರೆಬೇರೆ ತುಣುಕಾಗಿಯೇ ಉಳಿಯುತ್ತದೆ. ಪಾವತಿಸುವಾಗ ವ್ಯಾಲೆಟ್ ಬೇಕಾದಷ್ಟು ತುಣುಕುಗಳನ್ನು ತಾನೇ ಆರಿಸಿ ಒಟ್ಟಿಗೆ ಕಳಿಸುತ್ತದೆ. ಘಾಟ್ಕೋಪರದ ಒಬ್ಬರಿಗೆ ಮೂರು ವಿಳಾಸಗಳಿವೆ ಎಂದಿಟ್ಟುಕೊಳ್ಳೋಣ: ಒಂದಕ್ಕೆ ಎಕ್ಸ್‌ಚೇಂಜಿನಿಂದ ತೆಗೆದ ಹಣ ಬಂದಿದೆ, ಇನ್ನೊಂದಕ್ಕೆ ವಿದೇಶದ ಕೆಲಸದ ಸಂಭಾವನೆ, ಮೂರನೆಯದರಲ್ಲಿ ಹಲವು ವರ್ಷಗಳ ಉಳಿತಾಯ. ಮೂರಕ್ಕೂ ಸಂಬಂಧವಿದೆಯೆಂದು ಹೊರಗಿನವರಿಗೆ ತಿಳಿಯದು. ದಾಳಿಕೋರ ಸಾವಿರಾರು ವಿಳಾಸಗಳಿಗೆ ಪುಡಿಗಾಸು ಎಸೆಯುತ್ತಾನೆ. ಈ ಮೂರಕ್ಕೂ ಬೀಳುತ್ತದೆ. ಮುಂದೊಂದು ದಿನ ಏನನ್ನೋ ಪಾವತಿಸುವಾಗ ವ್ಯಾಲೆಟ್ ಆ ಪುಡಿಗಾಸುಗಳನ್ನು ಗುಡಿಸಿ ಒಟ್ಟುಮಾಡಿದರೆ ಮೂರೂ ಒಬ್ಬರವೆಂಬುದು ಕಾಯಂ ಆಗಿ ದಾಖಲಾಯಿತು. ಲೋಕಾಯುಕ್ತರ ಬಲೆಯಲ್ಲಿ ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರಿರುತ್ತಾರಲ್ಲ, ಡಸ್ಟಿಂಗ್ ಕೆಲಸ ಮಾಡುವುದೂ ಹಾಗೆಯೇ. ಪುಡಿ ತಾನಾಗಿ ಏನನ್ನೂ ಮಾಡದು, ಮುಟ್ಟಿದ ಕೈಯನ್ನು ಅದ್ದಿದಾಗ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪುಡಿಗಾಸು ಬಂದು ಬಿದ್ದ ಮಾತ್ರಕ್ಕೆ ಹಣ ಕಳುವಾಗದು, ಖಾಸಗಿ ಕೀಲಿಯೂ ಸೋರದು. ಖರ್ಚು ಮಾಡಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ.

ಈ ವಿದ್ಯೆಯನ್ನು ಮೊದಲು ಕಟ್ಟಿದವರು ಕಳ್ಳರಲ್ಲ, ವಿದ್ವಾಂಸರು. 2011ರಲ್ಲಿ ಫರ್ಗಲ್ ರೀಡ್, ಮಾರ್ಟಿನ್ ಹ್ಯಾರಿಗನ್ ಬಿಟ್‌ಕಾಯಿನ್ನಿನ ಅನಾಮಧೇಯತೆ ಎಷ್ಟು ತೆಳುವೆಂದು ತೋರಿಸಿದರು. 2013ರಲ್ಲಿ ಸಾರಾ ಮೈಕಲ್‌ಜಾನ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ತಾವೇ ಹಲವು ಎಕ್ಸ್‌ಚೇಂಜು, ಅಂಗಡಿಗಳೊಂದಿಗೆ ಸಣ್ಣಸಣ್ಣ ವ್ಯವಹಾರ ನಡೆಸಿ, ಆ ವಿಳಾಸಗಳಿಗೆ ಹೆಸರಿನ ಚೀಟಿ ಅಂಟಿಸಿ, ಅಲ್ಲಿಂದ ಗುಂಪುಗುಂಪಾಗಿ ವಿಳಾಸಗಳ ಒಡೆತನ ಬಿಡಿಸಿದರು. ನನ್ನ ಎಣಿಕೆಯಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಇದೇ. ಸಣ್ಣ ಹಣ ಕಳಿಸಿ ದೊಡ್ಡ ಹಣದ ಒಡೆಯನನ್ನು ಗುರುತಿಸಬಹುದೆಂಬುದು ಇಲ್ಲಿ ರುಜುವಾತಾಯಿತು. ಮರುವರ್ಷ ಚೈನಾಲಿಸಿಸ್ ಎಂಬ ಕಂಪನಿ ಹುಟ್ಟಿ, ಪತ್ತೆ ಎಂಬುದು ಒಂದು ಉದ್ಯಮವೇ ಆಯಿತು.

ಅದೇ 2013ರಲ್ಲಿ ಬಿಟ್‌ಕಾಯಿನ್ ಕೋರ್ ತಂತ್ರಾಂಶ ತೀರಾ ಸಣ್ಣ ಮೊತ್ತಗಳನ್ನು ಸಾಗಿಸದಂತೆ ಒಂದು ಕೆಳಮಿತಿ ಹಾಕಿತು. ಉದ್ದೇಶ ಖಾಸಗಿತನವಲ್ಲ, ಜಾಲದ ಮೇಲಿನ ಕಸದ ಹೊರೆ ಇಳಿಸುವುದು. ಆಮೇಲೆ ಹಳೆಯ ಮಾದರಿಯ ವಿಳಾಸಗಳಿಗೆ ಈ ಮಿತಿ 546 ಸತೋಶಿ ಎಂದು ನೆಲೆನಿಂತಿತು. ಒಂದು ಬಿಟ್‌ಕಾಯಿನ್ನಿನಲ್ಲಿ 10 ಕೋಟಿ ಸತೋಶಿಗಳಿರುವುದರಿಂದ, ಬಿಟ್‌ಕಾಯಿನ್ ಬೆಲೆ 1 ಕೋಟಿ ರೂಪಾಯಿ ಎಂದಿಟ್ಟರೆ 546 ಸತೋಶಿ ಎಂದರೆ 54 ರೂಪಾಯಿ 60 ಪೈಸೆ. 2018ರ ಕೊನೆಯ ಬೆಲೆಯಲ್ಲಿ ಇದು ಮೂರು ರೂಪಾಯಿಯನ್ನೂ ದಾಟುತ್ತಿರಲಿಲ್ಲ. ಬೆಲೆ ಏರಿದಂತೆ ಬಿಟ್‌ಕಾಯಿನ್ ಮೇಲೆ ಪುಡಿಗಾಸು ಎಸೆಯುವುದು ದುಬಾರಿಯಾಯಿತು. ದಾಳಿಕೋರರು ಅಗ್ಗದ ಜಾಲಗಳತ್ತ ಸರಿಯಲು ಇದೊಂದು ಕಾರಣವೆಂದು ನಾನು ತಿಳಿಯುತ್ತೇನೆ.

ಡಸ್ಟಿಂಗ್ ಎಂಬ ಮಾತು ಸಾಮಾನ್ಯ ಬಳಕೆದಾರರ ಕಿವಿಗೆ ಬಿದ್ದದ್ದು 2018ರ ಅಕ್ಟೋಬರ್‌ನಲ್ಲಿ, ಸಮುರಾಯ್ ವ್ಯಾಲೆಟ್ ತನ್ನ ಬಳಕೆದಾರರನ್ನು ಎಚ್ಚರಿಸಿ, ಅನುಮಾನದ ತುಣುಕನ್ನು ‘ಖರ್ಚು ಮಾಡಬೇಡ’ ಎಂದು ಪಕ್ಕಕ್ಕಿಡುವ ಸೌಲಭ್ಯ ತಂದಾಗ. 2019ರ ಆಗಸ್ಟ್‌ನಲ್ಲಿ ಲೈಟ್‌ಕಾಯಿನ್ ಮೇಲೆ ಇಂಥದೇ ಸುರಿಮಳೆ ನಡೆಯಿತು. ಪ್ರತಿ ವಿಳಾಸಕ್ಕೆ 0.00000546 ಲೈಟ್‌ಕಾಯಿನ್, ಅಂದಿನ ಬೆಲೆಗೆ ಮೂರು ಪೈಸೆಯ ಆಸುಪಾಸು. ಸುಮಾರು 3 ಲಕ್ಷ ವಿಳಾಸಗಳಿಗೆ ಅದು ತಲುಪಿತ್ತೆಂದು ಗ್ಲಾಸ್‌ನೋಡ್ ಎಂಬ ವಿಶ್ಲೇಷಣಾ ಸಂಸ್ಥೆ ಲೆಕ್ಕ ಹಾಕಿತು. ಕಳಿಸಿದವರು ತಮ್ಮ ಮೈನಿಂಗ್ ಪೂಲಿನ ಜಾಹೀರಾತಿಗಾಗಿ ಹೀಗೆ ಮಾಡಿದ್ದೆಂದು ಆಮೇಲೆ ತಿಳಿಯಿತು. ಉದ್ದೇಶ ಜಾಹೀರಾತೇ ಆಗಿದ್ದರೂ ಗುರುತು ಲೆಡ್ಜರಿನಲ್ಲಿ ಉಳಿಯುತ್ತದೆ, ಅದನ್ನು ಬೇರೆ ಯಾರು ಬೇಕಾದರೂ ಓದಿಕೊಳ್ಳಬಹುದು.

ಇಥೀರಿಯಂ, ಟ್ರಾನ್, ಪಾಲಿಗನ್‌ಗಳಲ್ಲಿ ತುಣುಕುಗಳ ವ್ಯವಸ್ಥೆ ಇಲ್ಲ. ಅಲ್ಲಿ ಬ್ಯಾಂಕಿನಂತೆ ಒಂದೇ ಖಾತೆ, ಒಂದೇ ಶಿಲ್ಕು. ಹಾಗಾಗಿ ಹಳೆಯ ಪತ್ತೆತಂತ್ರ ಅಲ್ಲಿ ಅದೇ ರೂಪದಲ್ಲಿ ನಡೆಯದು. ಆದರೆ ಬಂದ ಹಣವನ್ನು ಬೇಡವೆನ್ನುವ ಹಕ್ಕೂ ಅಲ್ಲಿಲ್ಲ. 2022ರ ಆಗಸ್ಟ್ 8ರಂದು ಅಮೆರಿಕದ ಖಜಾನೆ ಇಲಾಖೆ ಹಲವರ ನಾಣ್ಯಗಳನ್ನು ಬೆರೆಸಿ ಜಾಡು ಮರೆಸುವ ಟಾರ್ನೇಡೊ ಕ್ಯಾಶ್ ಎಂಬ ಮಿಕ್ಸರಿನ ಮೇಲೆ ನಿರ್ಬಂಧ ಹೇರಿತು. ಕೂಡಲೇ ಯಾರೋ ಅದರ ಮೂಲಕವೇ ಟಿವಿ ನಿರೂಪಕ ಜಿಮ್ಮಿ ಫ್ಯಾಲನ್ ಸೇರಿದಂತೆ ಹೆಸರಾಂತರ ವಿಳಾಸಗಳಿಗೆ 0.1 ಈಥರ್‌ನಂತೆ ಕಳಿಸಿ, ಅವರನ್ನೆಲ್ಲ ಕಾನೂನಿನ ಕಣ್ಣಿಗೆ ಕಳಂಕಿತರನ್ನಾಗಿ ಮಾಡಿದರು. ಮುಂದಿನ ತಿಂಗಳು ಇಲಾಖೆಯೇ ಸ್ಪಷ್ಟೀಕರಣ ಕೊಡಬೇಕಾಯಿತು. ಆ ನಿರ್ಬಂಧ 2025ರ ಮಾರ್ಚ್‌ನಲ್ಲಿ ರದ್ದಾಯಿತು.

2022ರ ಕೊನೆಯ ಹೊತ್ತಿಗೆ ಪುಡಿಗಾಸು ಇನ್ನೊಂದು ವೇಷ ಹಾಕಿತ್ತು. ಇದನ್ನು ವಿಳಾಸಕ್ಕೆ ವಿಷ ಬೆರೆಸುವುದು ಎನ್ನಬಹುದು. ನಿಜವಾದ ಹಣ ಹೋಗುತ್ತಿರುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ನೀವು ಗೆಳೆಯನಿಗೆ ಡಾಲರಿನ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಟೋಕನ್ ಕಳಿಸುತ್ತೀರಿ. ಜಾಲವನ್ನು ಕಾಯುತ್ತ ಕುಳಿತ ಪ್ರೋಗ್ರಾಂ ತಕ್ಷಣ, ಗೆಳೆಯನ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳನ್ನೇ ಹೋಲುವ ಹೊಸ ವಿಳಾಸವನ್ನು ಸೃಷ್ಟಿಸುತ್ತದೆ. ಅಲ್ಲಿಂದ ನಿಮಗೆ ಒಂದಿಷ್ಟು ಪುಡಿಗಾಸನ್ನೋ ನಕಲಿ ಟೋಕನನ್ನೋ ಕಳಿಸುತ್ತದೆ. ಶೂನ್ಯ ಮೊತ್ತದ ವರ್ಗಾವಣೆಗೆ ಒಡೆಯನ ಅನುಮತಿ ಬೇಡವೆಂಬ ಸಂದು ಟೋಕನ್ ಒಪ್ಪಂದಗಳಲ್ಲಿದ್ದುದರಿಂದ, ನೀವೇ ಆ ನಕಲಿ ವಿಳಾಸಕ್ಕೆ 0 ಕಳಿಸಿದಂತೆಯೂ ಇತಿಹಾಸದಲ್ಲಿ ತೋರಿಸಬಹುದಿತ್ತು. ಮುಂದಿನ ಸಲ ನೀವು ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸ ನಕಲಿಸಿ ಅಂಟಿಸಿದರೆ ಹಣ ಕಳ್ಳನ ಪಾಲು. ವ್ಯಾಲೆಟ್‌ಗಳು ಪರದೆಯಲ್ಲಿ ಮೊದಲ, ಕೊನೆಯ ನಾಲ್ಕಾರು ಅಕ್ಷರ ಮಾತ್ರ ತೋರಿಸುವ ರೂಢಿಯೇ ಈ ಮೋಸಕ್ಕೆ ನೆರವಾಯಿತು.

2024ರ ಮೇ 3ರಂದು ಒಬ್ಬ ಹೂಡಿಕೆದಾರ ಹೀಗೆಯೇ 1,155 ರ‍್ಯಾಪ್ಡ್ ಬಿಟ್‌ಕಾಯಿನ್ (ಇಥೀರಿಯಂ ಮೇಲೆ ಬಿಟ್‌ಕಾಯಿನ್ನನ್ನು ಪ್ರತಿನಿಧಿಸುವ ಟೋಕನ್), ಅಂದರೆ 560 ಕೋಟಿ ರೂಪಾಯಿಗೂ ಮಿಕ್ಕಿದ ಹಣವನ್ನು ನಕಲಿ ವಿಳಾಸಕ್ಕೆ ಕಳಿಸಿದ. ಒತ್ತಡಕ್ಕೆ ಮಣಿದು ಕಳ್ಳ ಬಹುಪಾಲನ್ನು ಹಿಂದಿರುಗಿಸಿದ್ದು ಅಪವಾದ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2022ರ ಮಧ್ಯದಿಂದ ಎರಡು ವರ್ಷಗಳ ಇಥೀರಿಯಂ ಮತ್ತು ಬೈನಾನ್ಸ್ ಜಾಲಗಳನ್ನು ಶೋಧಿಸಿ ಕಂಡದ್ದು 27 ಕೋಟಿ ದಾಳಿ ಯತ್ನಗಳು, ಗುರಿಯಾದ 1 ಕೋಟಿ 70 ಲಕ್ಷ ವಿಳಾಸಗಳು, ಕನಿಷ್ಠ 8.38 ಕೋಟಿ ಡಾಲರ್ ನಷ್ಟ. ಡಸ್ಟಿಂಗ್ ಎಂದರೆ ಬರೀ ಪತ್ತೆಯ ತಂತ್ರವೆಂದು ಇಂದಿಗೂ ಬರೆಯುವ ಲೇಖನಗಳು ಓದುಗರನ್ನು ತಪ್ಪು ಕಡೆ ಕಾವಲಿಗೆ ನಿಲ್ಲಿಸುತ್ತಿವೆ.

ಹಾಗೆಂದು ಪತ್ತೆಯ ಅಪಾಯ ಭಾರತದಲ್ಲಿ ಕಡಿಮೆಯೇನಲ್ಲ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಹೊರಡಿಸಿದ ಬ್ಯಾಂಕಿಂಗ್ ನಿಷೇಧವನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ರದ್ದುಪಡಿಸಿದ ಮೇಲೆ ವ್ಯವಹಾರ ಚಿಗುರಿತು. ಅದರ ಬೆನ್ನಲ್ಲೇ ನಿಯಮಗಳು ಬಂದವು. 2022ರಲ್ಲಿ ಶೇ 30 ತೆರಿಗೆ, ಶೇ 1 ಟಿಡಿಎಸ್, ಕೆವೈಸಿ ಮತ್ತು ವಹಿವಾಟಿನ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂಬ, ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಆದೇಶ, 2023ರ ಮಾರ್ಚ್‌ನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿ. ಇವುಗಳ ಅಗತ್ಯವನ್ನು ನಾನು ಪ್ರಶ್ನಿಸುವುದಿಲ್ಲ, ತೆರಿಗೆ ಕಟ್ಟಲೇಬೇಕು. ಆದರೆ ಇವುಗಳಿಂದಾಗಿ ಪ್ಯಾನ್, ಆಧಾರ್, ಮೊಬೈಲ್ ಸಂಖ್ಯೆಗಳಿಗೆ ಜೋಡಿಸಿದ ಒಂದು ವಿಳಾಸವಾದರೂ ಎಕ್ಸ್‌ಚೇಂಜ್ ಮೂಲಕ ವ್ಯವಹರಿಸುವ ಬಳಕೆದಾರನಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಕ್ಸ್‌ಚೇಂಜಿನ ಕಡತ ಸೋರಿದರೆ, ಪುಡಿಗಾಸಿನ ದಾರದಿಂದ ಉಳಿದ ವಿಳಾಸಗಳೂ ಆ ಹೆಸರಿಗೆ ಬಂದು ಸೇರುತ್ತವೆ. ಪಿ2ಪಿ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರ ವ್ಯವಹಾರದ ಮೂಲಕ ಯುಎಸ್‌ಡಿಟಿ ಮಾರುವವರು ಇನ್ನೂ ತೆರೆದುಕೊಳ್ಳುತ್ತಾರೆ: ಅಪರಿಚಿತನಿಗೆ ಯುಪಿಐ ಐಡಿ, ಬ್ಯಾಂಕ್ ಖಾತೆಯ ಹೆಸರು, ವ್ಯಾಲೆಟ್ ವಿಳಾಸ ಮೂರನ್ನೂ ಒಂದೇ ಚಾಟಿನಲ್ಲಿ ಕೊಟ್ಟಿರುತ್ತಾರೆ.

2024ರ ಜುಲೈ 18ರಂದು ವಾಜಿರ್‌ಎಕ್ಸ್‌ನ ಒಂದು ವ್ಯಾಲೆಟ್ಟಿನಿಂದ ಸುಮಾರು 23 ಕೋಟಿ ಡಾಲರ್ ಕಳುವಾಗಿ, ಗ್ರಾಹಕರು ಹಣ ತೆಗೆಯಲಾಗದಂತಾಯಿತು. ಮರುವರ್ಷದ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನ ಸ್ವಂತ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಹಣವನ್ನು ಸ್ವಂತ ವ್ಯಾಲೆಟ್ಟಿನಲ್ಲೇ ಇಟ್ಟುಕೊಳ್ಳಿ ಎಂಬ ಸಲಹೆಗೆ ಇದರಿಂದ ಬಲ ಬಂತು. ಸಲಹೆ ಸರಿಯೇ. ಆದರೆ ಸ್ವಂತ ವ್ಯಾಲೆಟ್ ಎಂದರೆ ಖಾಸಗಿತನದ ಹೊಣೆಯೂ ಸ್ವಂತದ್ದೇ.

ಆ ಹೊಣೆ ಎಷ್ಟು ಭಾರದ್ದೆಂಬುದಕ್ಕೆ ನೆರೆಯ ಗುಜರಾತಿನ ಪ್ರಕರಣ ನೋಡಬೇಕು. 2018ರಲ್ಲಿ ಸೂರತ್ತಿನ ಉದ್ಯಮಿಯೊಬ್ಬರ ಬಳಿ ಬಿಟ್‌ಕಾಯಿನ್ ಇದೆಯೆಂದು ತಿಳಿದ ಅಮ್ರೇಲಿ ಪೊಲೀಸರೇ ಅವರನ್ನು ಅಪಹರಿಸಿ ಸುಲಿಗೆಗೆ ಇಳಿದರು. 2025ರ ಆಗಸ್ಟ್‌ನಲ್ಲಿ ಅಹಮದಾಬಾದಿನ ವಿಶೇಷ ನ್ಯಾಯಾಲಯ ಅಂದಿನ ಜಿಲ್ಲಾ ಎಸ್‌ಪಿ, ಒಬ್ಬ ಮಾಜಿ ಶಾಸಕ ಸೇರಿ 14 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಯಾರ ಬಳಿ ಎಷ್ಟಿದೆ ಎಂಬ ಸುದ್ದಿ ತಪ್ಪು ಕೈಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಖಾಸಗಿತನ ಕೇಳುವವರೆಲ್ಲ ಕಪ್ಪುಹಣದವರೆಂಬ ಮಾತನ್ನು ಈ ತೀರ್ಪಿನ ನಂತರವಾದರೂ ಬಿಡಬೇಕು.

ರಕ್ಷಣೆಯ ಕಡೆಯೂ ಕೆಲಸ ನಡೆದಿದೆ. 2012ರಲ್ಲಿ ಪೀಟರ್ ವಿಲ್ಲೆ ರೂಪಿಸಿದ ಕ್ರಮದಿಂದ ಒಂದೇ ಮೂಲಬೀಜದಿಂದ (ಸೀಡ್) ಎಣಿಕೆಯಿಲ್ಲದಷ್ಟು ವಿಳಾಸ ಪಡೆಯುವುದು ಸಾಧ್ಯವಾಯಿತು. ಇಂದಿನ ಬಹುತೇಕ ಬಿಟ್‌ಕಾಯಿನ್ ವ್ಯಾಲೆಟ್‌ಗಳು ಪ್ರತಿ ಸ್ವೀಕೃತಿಗೂ ಹೊಸ ವಿಳಾಸ ಕೊಡುವುದು ಇದರಿಂದಲೇ. ಯಾವ ತುಣುಕು ಖರ್ಚಾಗಬೇಕೆಂದು ನಾವೇ ಆರಿಸುವ ಕಾಯಿನ್ ಕಂಟ್ರೋಲ್ ಸೌಲಭ್ಯ ಸ್ಪ್ಯಾರೋ, ಎಲೆಕ್ಟ್ರಮ್‌ಗಳಲ್ಲಿದೆ, ಪುಡಿಗಾಸಿಗೆ ಅದೇ ಸರಿಯಾದ ಮದ್ದು. ಹಲವರ ಪಾವತಿಗಳನ್ನು ಬೆರೆಸುವ ಕಾಯಿನ್‌ಜಾಯಿನ್ ವಿಧಾನವನ್ನು ಗ್ರೆಗರಿ ಮ್ಯಾಕ್ಸ್‌ವೆಲ್ 2013ರಲ್ಲಿ ಮುಂದಿಟ್ಟ. ಅದರ ದಾರಿ ಈಗ ಕಠಿಣವಾಗಿದೆ: ಬಳಕೆದಾರರನ್ನು ಮೊದಲು ಎಚ್ಚರಿಸಿದ ಅದೇ ಸಮುರಾಯ್ ವ್ಯಾಲೆಟ್ಟಿನ ಸ್ಥಾಪಕರು 2024ರ ಏಪ್ರಿಲ್‌ನಲ್ಲಿ ಬಂಧಿತರಾದರು. ಭಾರತದ ಸಾಮಾನ್ಯ ಬಳಕೆದಾರ ಮಿಕ್ಸರ್‌ಗಳ ಗೊಡವೆಗೆ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಂದ ಬಂದ ನಾಣ್ಯವನ್ನು ಎಕ್ಸ್‌ಚೇಂಜ್ ತಡೆಹಿಡಿದರೆ ವಿವರಿಸುವ ಹೊರೆ ನಿಮ್ಮದು.

ಕಾನೂನಿನ ನೆಲೆಯಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯಿದೆ ಎಕ್ಸ್‌ಚೇಂಜಿನಲ್ಲಿರುವ ನಿಮ್ಮ ಕಡತಕ್ಕೆ ಕಾವಲಾಗಬಲ್ಲದು. ಬ್ಲಾಕ್‌ಚೈನಿನಲ್ಲಿ ಒಮ್ಮೆ ಬರೆದದ್ದನ್ನು ಮಾತ್ರ ಅಳಿಸಲು ಯಾವ ಕಾಯಿದೆಗೂ ಸಾಧ್ಯವಿಲ್ಲ. ಆದ್ದರಿಂದ ಎಚ್ಚರ ಬರೆಯುವ ಮೊದಲೇ ಇರಬೇಕು.

ಅಪರಿಚಿತ ಪುಡಿಗಾಸು ಬಂದರೆ ಖರ್ಚು ಮಾಡಬೇಡಿ, ಹಿಂದಿರುಗಿಸಲೂ ಹೋಗಬೇಡಿ. ಅದರೊಂದಿಗೆ ಬಂದ ಟೋಕನ್ನಿನ ಹೆಸರಿನಲ್ಲಿ ಜಾಲತಾಣದ ವಿಳಾಸವಿದ್ದರೆ ಅಲ್ಲಿಗೆ ಕಾಲಿಡಬೇಡಿ. ಎಕ್ಸ್‌ಚೇಂಜಿನಿಂದ ತೆಗೆದ ಹಣಕ್ಕೂ ದೀರ್ಘಕಾಲದ ಉಳಿತಾಯಕ್ಕೂ ಬೇರೆಬೇರೆ ವ್ಯಾಲೆಟ್ ಇರಲಿ. ವಿಳಾಸವನ್ನು ವಹಿವಾಟಿನ ಇತಿಹಾಸದಿಂದ ಎಂದೂ ನಕಲಿಸಬೇಡಿ. ವಿಳಾಸಪುಸ್ತಕದಲ್ಲಿ ಉಳಿಸಿಕೊಂಡು, ಕಳಿಸುವ ಮುನ್ನ ನಡುವಿನ ಅಕ್ಷರಗಳನ್ನೂ ಓದಿ. ಹಿಡುವಳಿಯ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಮುಂಬಯಿಯ ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರ, ಹೂಡಿಕೆಯ ಮಾಹಿತಿ ಸಭೆಗಳನ್ನು ನಡೆಸುವಾಗ ಈ ವಿಷಯಕ್ಕೂ ಒಂದು ಗಂಟೆ ಮೀಸಲಿಡಲಿ ಎಂದು ಕೇಳಿಕೊಳ್ಳುತ್ತೇನೆ. ಹಣ ಹೋಗಿಯೇಬಿಟ್ಟಿದ್ದರೆ ವಹಿವಾಟಿನ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಿ.